ಹೂ ಕಟ್ಟುವ ಕೈಗೂ ಕಣ್ಣಿಗೂ ಎಷ್ಟು ದೂರ?

ಪೊರೆ ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ಬರುವ ಒಂದು ದೂರು ಮನಸ್ಸಿನಿಂದ ಹೋಗುವುದೇ ಇಲ್ಲ. ಗಾಯ ಮಾಗಿರುತ್ತದೆ, ಕಣ್ಣು ಕೆಂಪಗಿರುವುದಿಲ್ಲ, ಒಳಗಿಟ್ಟ ಲೆನ್ಸ್ ಇರಬೇಕಾದ ಜಾಗದಲ್ಲೇ ಇರುತ್ತದೆ, ರೆಟಿನಾನೂ ಸರಿಯಾಗಿರುತ್ತದೆ. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ಎಷ್ಟು ಹೊತ್ತು ಹುಡುಕಿದರೂ ಒಂದು ಕೊರತೆ ಸಿಗುವುದಿಲ್ಲ. ಆದರೂ ಎದುರಿಗೆ ಕೂತವರು "ಬೆಳಕೇನೋ ಬಂತು ಸಾರ್, ನಂಗೆ ಬೇಕಾದ್ದು ಕಾಣ್ತಿಲ್ಲ" ಅನ್ನುತ್ತಾರೆ. ಹಾಗೆ ಬಂದವರಲ್ಲಿ ದೇವಸ್ಥಾನದ ಮುಂದೆ ಹೂ ಮಾರುವ ಅಜ್ಜಿಯೊಬ್ಬರಿದ್ದರು. ಆರು ಮೀಟರ್ ದೂರದ ಚಾರ್ಟಿನಲ್ಲಿ ಕೊನೆಯ ಸಾಲಿಗಿಂತ ಒಂದು ಸಾಲು ಮೇಲಿನವರೆಗೆ, ಅಂದರೆ 6/9ರವರೆಗೆ, ಕನ್ನಡಕ ಇಲ್ಲದೆ ಸರಸರ ಹೇಳಿಬಿಟ್ಟರು. ಕೇಸ್ ಶೀಟಿನಲ್ಲಿ ಬರೆದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಫಲಿತಾಂಶ ಬೇಕಿಲ್ಲ. ಅಜ್ಜಿ ಮಾತ್ರ, "ಗೋಪುರದ ಕಳಸ ಕಾಣ್ತದೆ ಕಣಪ್ಪ, ಕೈಯಲ್ಲಿರೋ ಮೊಗ್ಗೇ ಕಾಣಾಕಿಲ್ಲ" ಅಂದರು.

ಇಂಥ ದೂರುಗಳ ಬೇರು ಹುಡುಕುತ್ತಾ ಹೋದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಅದಕ್ಕೂ ಹಿಂದೆ, ಒಂದು ಸಣ್ಣ ಕೋಣೆಯಲ್ಲಿ ಗಲ್ಲ ಇಡುವ ಸ್ಟ್ಯಾಂಡಿನ ಆಚೆಬದಿ ಟೆಕ್ನಿಷಿಯನ್ ಒಬ್ಬರು ಕೂತು ಕಣ್ಣಿನ ಅಳತೆ ತೆಗೆದಿರುತ್ತಾರಲ್ಲ, ಅಲ್ಲಿಗೆ ಹೋಗಬೇಕು. ಪೊರೆ ತೆಗೆಯುವುದು ಡಾಕ್ಟರ ಕೈಚಳಕ. ತೆಗೆದ ಮೇಲೆ ಆ ಮನುಷ್ಯನಿಗೆ ಏನು ಕಾಣಬೇಕು ಅನ್ನುವುದು ಬಹುಮಟ್ಟಿಗೆ ಆ ಕೋಣೆಯಲ್ಲೇ ತೀರ್ಮಾನವಾಗಿರುತ್ತದೆ. ನಮ್ಮ ಊರುಗಳಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಅಂತಲೇ ಇದನ್ನು ಬರೆಯುತ್ತಿರುವುದು.

ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಲ್ಲಿ ಈ ಅಳತೆಯ ಪ್ರಶ್ನೆಯೇ ಇರಲಿಲ್ಲ. ಪೊರೆಗಟ್ಟಿದ ಲೆನ್ಸನ್ನು ಇಡಿಯಾಗಿ ತೆಗೆದು, ಆಮೇಲೆ ಹೆಚ್ಚುಕಡಿಮೆ +10 ಪವರಿನ ದಪ್ಪ ಕನ್ನಡಕ ಕೊಡುತ್ತಿದ್ದರು. ಮನೆಯಲ್ಲಿ ಅಂಥ ಕನ್ನಡಕದ ಅಜ್ಜ ಇದ್ದವರಿಗೆ ನೆನಪಿರುತ್ತದೆ: ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು, ಅವರಿಗೂ ಲೋಕವೆಲ್ಲ ಕಾಲು ಪಾಲಿಗಿಂತ ಹೆಚ್ಚು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಕನ್ನಡಕದ ಪವರ್ ತಪ್ಪಿದರೆ ಬದಲಾಯಿಸಬಹುದು. ಕಣ್ಣೊಳಗೆ ಇಡುವ ಲೆನ್ಸ್ ಹಾಗಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರ ನವೆಂಬರ್ 29ರಂದು ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಮೊದಲ ಲೆನ್ಸ್ ಇಟ್ಟಾಗಲೇ ಈ ಪಾಠ ಸಿಕ್ಕಿತ್ತು. ಲೆನ್ಸಿನ ಆಕಾರವನ್ನು ಹುಟ್ಟುಲೆನ್ಸಿನಂತೆಯೇ ಮಾಡಿಸಿದ್ದರು. ಆದರೆ ಅದನ್ನು ಮಾಡಿದ ಪ್ಲಾಸ್ಟಿಕ್ ಬೆಳಕನ್ನು ಬಾಗಿಸುವ ಶಕ್ತಿ ಹುಟ್ಟುಲೆನ್ಸಿಗಿಂತ ಹೆಚ್ಚು. ಆಪರೇಷನ್ ಯಶಸ್ವಿಯಾಯಿತು, ರೋಗಿಗೆ ಮಾತ್ರ ದೊಡ್ಡ ಮೈನಸ್ ನಂಬರ್ ಬಂತು.

ಮೊದಲು ಕೆ, ಆಮೇಲೆ ಹನಿ

ಲೆನ್ಸಿನ ಪವರ್ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದವು ಎರಡು: ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗು (ಇದೇ ಕೆ ರೀಡಿಂಗ್) ಮತ್ತು ಕಣ್ಣುಗುಡ್ಡೆಯ ಉದ್ದ. 1980ರಲ್ಲಿ ಬಂದ ಎಸ್‌ಆರ್‌ಕೆ ಸೂತ್ರವನ್ನು ಈಗ ಹಾಗೇ ಬಳಸುವವರು ಕಡಿಮೆ, ಎಸ್‌ಆರ್‌ಕೆ/ಟಿ, ಬ್ಯಾರೆಟ್ ಎಲ್ಲ ಬಂದಿವೆ. ಆದರೆ ಯಾವ ಅಳತೆ ತಪ್ಪಿದರೆ ಎಷ್ಟು ಪೆಟ್ಟು ಅನ್ನುವುದು ತಲೆಯಲ್ಲಿ ಕೂರಬೇಕಾದರೆ ಆ ಹಳೆಯ ಸೂತ್ರದಷ್ಟು ಸುಲಭ ಇನ್ನೊಂದಿಲ್ಲ. ಲೆನ್ಸಿನ ಕಂಪನಿ ಕೊಡುವ 'ಎ' ಸಂಖ್ಯೆಯಿಂದ ಉದ್ದದ ಎರಡೂವರೆ ಪಟ್ಟು ಕಳೆಯಿರಿ, ಕೆ ರೀಡಿಂಗಿನ 0.9 ಪಟ್ಟು ಕಳೆಯಿರಿ. ಎ 118.4, ಉದ್ದ 23.5 ಮಿ.ಮೀ., ಕೆ 44 ಇದ್ದರೆ ಉತ್ತರ 20.05, ಅಂದರೆ 20ರ ಲೆನ್ಸ್. ಕೆ ಒಂದು ಡಯಾಪ್ಟರ್ (ಪವರಿನ ಅಳತೆ) ತಪ್ಪಿದರೆ ಲೆನ್ಸಿನಲ್ಲೂ ಹೆಚ್ಚುಕಡಿಮೆ ಒಂದು ತಪ್ಪುತ್ತದೆ. ಉದ್ದ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆ.

ಕೆ ತೆಗೆಯುವುದು ಸುಲಭ ಅನ್ನಿಸುತ್ತದೆ, ಅದಕ್ಕೇ ಅಲ್ಲಿ ಅವಸರ ಜಾಸ್ತಿ. ಕಾರ್ನಿಯಾದ ಬಾಗಿನ ತ್ರಿಜ್ಯ 7.8 ಮಿ.ಮೀ. ಇದ್ದರೆ ಕೆ 43.27. ಅದೇ 7.7 ಅಂತ ಬಂದರೆ 43.83. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕೆ ಅರ್ಧ ಡಯಾಪ್ಟರಿಗಿಂತ ಹೆಚ್ಚು ವ್ಯತ್ಯಾಸ. ಕೆ ಅಳೆಯಲು ಕೈಯಿಂದ ತಿರುಗಿಸುವ ಹಳೆಯ ಕೆರಟೋಮೀಟರಿನಲ್ಲಿ ಟೆಕ್ನಿಷಿಯನ್ ಮೊದಲು ಮಾಡಬೇಕಾದದ್ದು ತಮ್ಮ ಕಣ್ಣಿಗೆ ತಕ್ಕಂತೆ ಐಪೀಸ್ ಹೊಂದಿಸಿಕೊಳ್ಳುವುದು. ಒಳಗಿನ ಅಡ್ಡ-ಉದ್ದ ಗೆರೆ ಚೂಪಾಗಿ ಕಾಣುವ ತನಕ ತಿರುಗಿಸಬೇಕು. ಬೆಳಗಿನ ಪಾಳಿಯವರು ಹೊಂದಿಸಿಟ್ಟದ್ದನ್ನೇ ಮಧ್ಯಾಹ್ನದವರು ಬಳಸಿದರೆ ಆ ದಿನದ ರೀಡಿಂಗೆಲ್ಲ ಒಂದೇ ಕಡೆಗೆ ಜಾರಿರುತ್ತದೆ, ಒಂದೊಂದೇ ಕಾಗದ ನೋಡುವವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಮೂರು ವೃತ್ತಗಳಲ್ಲಿ ಕೆಳಗಿನ ಬಲಗಡೆಯದು ಎರಡಾಗಿ ಕಾಣುವುದನ್ನು ಒಂದು ಮಾಡಿ, ಒಂದು ಡ್ರಮ್ಮಿನಿಂದ ಪ್ಲಸ್ ಗುರುತುಗಳನ್ನೂ ಇನ್ನೊಂದರಿಂದ ಮೈನಸ್ ಗುರುತುಗಳನ್ನೂ ಕೂಡಿಸಬೇಕು. ಜತೆ ಕೊಟ್ಟಿರುವ ಉಕ್ಕಿನ ಗುಂಡಿನ ಬಾಗು ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಅದರ ಮೇಲೆ ಆಗಾಗ ಮಷೀನನ್ನು ಪರೀಕ್ಷಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸರದಿ. ಮರಗಟ್ಟಿಸುವ ಹನಿ ಬಿಟ್ಟ ಮೇಲೆ, ಕಣ್ಣಿನ ಒತ್ತಡ ನೋಡಲು ಟೋನೋಮೀಟರ್ ತಾಗಿಸಿದ ಮೇಲೆ, ಕಾರ್ನಿಯಾದ ಮೇಲ್ಮೈ ಮೊದಲಿನಂತಿರುವುದಿಲ್ಲ. ಆದ್ದರಿಂದ ಕಣ್ಣನ್ನು ಏನೂ ಮುಟ್ಟುವ ಮೊದಲು ಕೆ ಆಗಬೇಕು. ಕಣ್ಣು ಒಣಗಿದವರಲ್ಲಿ ವೃತ್ತಗಳು ಮುರುಟಿದಂತೆ ಕಾಣುತ್ತವೆ. ಎರಡು ಸಲ ಮಿಟುಕಿಸಲು ಹೇಳಿ, ಕಣ್ಣು ಬಿಟ್ಟ ಕೂಡಲೇ ರೀಡಿಂಗ್ ತೆಗೆದುಕೊಳ್ಳಬೇಕು. ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನಿಷ್ಠ ಒಂದು ವಾರ, ಗಟ್ಟಿ ಲೆನ್ಸಿನವರು ಮೂರು ವಾರ ಅದನ್ನು ಬಿಟ್ಟು ಬರಬೇಕು. ಇದನ್ನು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳದಿದ್ದರೆ ಅವರು ಬೇರೆ ಊರಿನಿಂದ ರಜೆ ಹಾಕಿ ಬಂದಿರುತ್ತಾರೆ, ವಾಪಸು ಕಳಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಹಾಗೇ ಅಳತೆ ಆಗಿಹೋಗುತ್ತದೆ.

ಮುಟ್ಟಬೇಕು, ಒತ್ತಬಾರದು

ಕಣ್ಣನ್ನು ಮುಟ್ಟದೆ ಬೆಳಕಿನಿಂದಲೇ ಉದ್ದ ಅಳೆಯುವ ಮಷೀನು ಬಂದದ್ದು 1999ರ ಹೊತ್ತಿಗೆ. ಕೆಲಸದಲ್ಲಿ ಬಹಳ ಚೊಕ್ಕ. ಆದರೆ ಬೆಳಕು ಪೊರೆಯನ್ನು ದಾಟಿ ಹೋಗಿಬರಬೇಕಲ್ಲ. ನಮ್ಮ ಹಳ್ಳಿಗಳಿಂದ ಬರುವವರಲ್ಲಿ ಪೊರೆ ಬಲಿತು ಕಂದು ಬಣ್ಣಕ್ಕೋ ಹಾಲಿನ ಬಿಳುಪಿಗೋ ತಿರುಗಿರುತ್ತದೆ, ಅಲ್ಲಿ ಆ ಮಷೀನು ಸೋಲುತ್ತದೆ. ಅದಕ್ಕೇ ತಾಲ್ಲೂಕು ಮಟ್ಟದ ಕ್ಲಿನಿಕ್ಕುಗಳಲ್ಲಿ, ಶಿಬಿರಗಳಲ್ಲಿ ಶಬ್ದದಿಂದ ಅಳೆಯುವ ಎ-ಸ್ಕ್ಯಾನ್ ಇನ್ನೂ ಕೆಲಸಕ್ಕಿದೆ. ಸುಮಾರು 10 ಮೆಗಾಹರ್ಟ್ಸ್‌ನ ಶಬ್ದ ಕಣ್ಣೊಳಗೆ ಹೋಗಿ ಬರುವ ಹೊತ್ತನ್ನು ವೇಗದಿಂದ ಗುಣಿಸಿ, ಅದರಲ್ಲಿ ಅರ್ಧ ತೆಗೆದುಕೊಂಡು ಮಷೀನು ಉದ್ದ ಹೇಳುತ್ತದೆ. ಕಣ್ಣಿನ ನೀರಿನ ಭಾಗದಲ್ಲಿ ಶಬ್ದದ ವೇಗ ಸೆಕೆಂಡಿಗೆ 1532 ಮೀಟರ್, ಲೆನ್ಸಿನಲ್ಲಿ 1641, ಇಡೀ ಕಣ್ಣಿಗೆ ಸರಾಸರಿ 1550.

ಎ-ಸ್ಕ್ಯಾನಿನಲ್ಲಿ ಕಣ್ಣಿಗೆ ತಾಗಿಸುವ ಕಡ್ಡಿಯಂಥ ಪ್ರೋಬಿನ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಆರಲು ಬಿಡಬೇಕು. ಒದ್ದೆಯಿದ್ದಾಗಲೇ ತಾಗಿಸಿದರೆ ಕಾರ್ನಿಯಾದ ಮೇಲ್ಪದರ ಸುಡುತ್ತದೆ. ಹನಿಯ ಮರಗು ಇಳಿದ ಮೇಲೆ ರಾತ್ರಿಯೆಲ್ಲ ಕಣ್ಣುರಿ. ಒರೆಸದೇ ಬಿಟ್ಟರೆ ಒಬ್ಬರ ಮದ್ರಾಸ್ ಐ ಸಾಲಿನಲ್ಲಿ ಕೂತವರಿಗೆಲ್ಲ ಹಂಚಿದಂತೆ. ಮರಗಟ್ಟಿಸುವ ಪ್ರೊಪಾರಕೇನ್ 0.5% ಒಂದು ಹನಿ ಬಿಟ್ಟು, ಹೆಚ್ಚಾದ ನೀರನ್ನು ಹತ್ತಿಯಿಂದ ಒತ್ತಿ ತೆಗೆದು, "ಅಜ್ಜಿ, ಗಲ್ಲ ಇಲ್ಲಿಡಿ, ಹಣೆ ಮುಂದಕ್ಕೆ ಒರಗಿಸಿ, ಈ ಕೆಂಪು ದೀಪಾನೇ ನೋಡ್ತಾ ಇರಿ, ಉಸಿರು ಬಿಗಿಹಿಡೀಬೇಡಿ" ಅನ್ನಬೇಕು. ಪ್ರೋಬನ್ನು ಪೆನ್ಸಿಲಿನಂತೆ ಹಿಡಿದು, ಕಿರುಬೆರಳನ್ನು ರೋಗಿಯ ಕೆನ್ನೆಯ ಮೂಳೆಗೆ ಊರಿದರೆ ರೋಗಿ ಅಲುಗಿದಾಗ ಕೈಯೂ ಜತೆಗೇ ಅಲುಗುತ್ತದೆ. ಪ್ರೋಬು ಕಾರ್ನಿಯಾದ ನಟ್ಟನಡುವೆ ಸೋಕಿದ ಕೂಡಲೇ ಪರದೆಯ ಮೇಲೆ ಸ್ಪೈಕುಗಳು ಏಳುತ್ತವೆ: ಕಾರ್ನಿಯಾ, ಲೆನ್ಸಿನ ಮುಂಭಾಗ, ಲೆನ್ಸಿನ ಹಿಂಭಾಗ, ರೆಟಿನಾ, ಅದರ ಹಿಂದೆ ಕಣ್ಣಿನ ಬಿಳಿಯ ಹೊರಗೋಡೆಯಾದ ಸ್ಕ್ಲೀರಾ, ಆಮೇಲೆ ಕಣ್ಣುಗೂಡಿನ ಕೊಬ್ಬಿನ ತಗ್ಗು ಸ್ಪೈಕುಗಳು. ರೆಟಿನಾದ್ದು ಗೋಡೆಯಂತೆ ನೆಟ್ಟಗೆ ಏಳಬೇಕು. ಮೆಟ್ಟಿಲು ಮೆಟ್ಟಿಲಾಗಿ ಎದ್ದರೆ ಶಬ್ದ ಓರೆಯಾಗಿ ಬಿದ್ದಿದೆ ಎಂದರ್ಥ. ರೆಟಿನಾ ಚೆನ್ನಾಗಿದ್ದು ಅದರ ಹಿಂದೆ ಸ್ಕ್ಲೀರಾದ ಸ್ಪೈಕ್ ಇಲ್ಲವೆಂದರೆ ಶಬ್ದ ದೃಷ್ಟಿನರದ ಮೇಲೆ ಬಿದ್ದಿದೆ, ನೇರ ನೋಟದ ಜಾಗವಾದ ಮ್ಯಾಕ್ಯುಲಾದ ಮೇಲಲ್ಲ. ಪೊರೆ ಗಟ್ಟಿಯಿದೆ ಅಂತ ಮಷೀನಿನ ಗೇನ್, ಅಂದರೆ ಮರಳಿದ ಶಬ್ದವನ್ನು ಹಿಗ್ಗಿಸುವ ಮಟ್ಟ, ಏರಿಸುತ್ತಾ ಹೋದರೆ ರೆಟಿನಾ, ಸ್ಕ್ಲೀರಾ ಎರಡೂ ಒಂದೇ ಗುಡ್ಡವಾಗಿಬಿಡುತ್ತವೆ.

ಈಗ ಆ ಪುಟ್ಟ ಪ್ರಿಂಟ್‌ಔಟನ್ನು ಹತ್ತಿರ ಹಿಡಿದು ನೋಡೋಣ. ಉದ್ದದ ಪಕ್ಕದಲ್ಲಿ ಎಸಿಡಿ, ಅಂದರೆ ಕಾರ್ನಿಯಾದಿಂದ ಲೆನ್ಸಿನವರೆಗಿನ ಆಳ ಇರುತ್ತದೆ. ಮೊದಲ ರೀಡಿಂಗ್ 23.41, ಎಸಿಡಿ 3.10. ಎರಡನೆಯದು 23.43, 3.11. ಮೂರನೆಯದು 23.40, 3.09. ನಾಲ್ಕನೆಯದು 23.12, ಎಸಿಡಿ 2.81. ಕಣ್ಣು ಕುಗ್ಗಿದ್ದು ಎಲ್ಲಿ? ಹಿಂದೆ ಅಲ್ಲ, ಮುಂದೆ. ಉದ್ದದಲ್ಲಿ ಕಡಿಮೆಯಾದಷ್ಟೇ ಎಸಿಡಿಯಲ್ಲೂ ಕಡಿಮೆಯಾಗಿದೆ. ಕೈ ಒತ್ತಿದೆ, ಕಾರ್ನಿಯಾ ಒಳಕ್ಕೆ ತಗ್ಗಿದೆ. ಅದನ್ನು ಅಳಿಸಿ ಇನ್ನೊಂದು ತೆಗೆಯಬೇಕು, ಹತ್ತು ರೀಡಿಂಗುಗಳ ಸರಾಸರಿಯಲ್ಲಿ ಸೇರಿಸಬಾರದು. ಇಷ್ಟು ಎಲ್ಲ ತರಬೇತಿಯಲ್ಲೂ ಹೇಳಿಕೊಡುತ್ತಾರೆ. ನಿಜವಾದ ಅಪಾಯ ಬೇರೆ. ಹತ್ತು ಸಲವೂ ಒಂದೇ ಸಮನಾಗಿ ಒತ್ತುವ ಕೈ ಇರುತ್ತದೆ. 23.11, 23.12, 23.11, 23.10. ವ್ಯತ್ಯಾಸ 0.02ರೊಳಗೆ. ನೋಡಲು ಎಷ್ಟು ಅಂದವಾದ ಪ್ರಿಂಟ್‌ಔಟ್! ಪಕ್ಕದವರು ಮೆಚ್ಚಿಕೊಳ್ಳುತ್ತಾರೆ. ಆದರೆ ಹತ್ತೂ ತಪ್ಪು. ರೀಡಿಂಗುಗಳು ಒಂದಕ್ಕೊಂದು ಹೊಂದುತ್ತಿವೆ ಅನ್ನುವುದಷ್ಟೇ ಆ ಅಂಕಿಗಳ ಸಾಕ್ಷಿ. ಅವು ಕಣ್ಣಿಗೆ ಹೊಂದುತ್ತವೆಯೇ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಇನ್ನೊಂದು ಕಣ್ಣಿನ ಎಸಿಡಿ ನೋಡಬೇಕು, ರೋಗಿಯ ಹಳೆಯ ಕನ್ನಡಕದ ನಂಬರ್ ನೋಡಬೇಕು, ಬೇರೆ ಟೆಕ್ನಿಷಿಯನ್ ಕೈಯಲ್ಲಿ ಒಮ್ಮೆ ತೆಗೆಸಬೇಕು.

0.3 ಮಿ.ಮೀ. ಒತ್ತಿದರೆ ಸೂತ್ರ 0.75 ಹೆಚ್ಚಿನ ಪವರ್ ಕೇಳುತ್ತದೆ. 20ರ ಬದಲು 21ರ ಲೆನ್ಸ್ ಕಣ್ಣೊಳಗೆ ಹೋಗುತ್ತದೆ, ರೋಗಿಗೆ ಮೈನಸ್ ಬರುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ: ಪ್ರೋಬಿಗೂ ಕಾರ್ನಿಯಾಕ್ಕೂ ನಡುವೆ ಕಣ್ಣೀರೋ ಹನಿಯೋ ನಿಂತರೆ ಕಣ್ಣು ಇರುವುದಕ್ಕಿಂತ ಉದ್ದ ತೋರುತ್ತದೆ, ಕಡಿಮೆ ಪವರಿನ ಲೆನ್ಸ್ ಬೀಳುತ್ತದೆ, ಪ್ಲಸ್ ಉಳಿಯುತ್ತದೆ. ಎರಡರಲ್ಲಿ ಇದೇ ಹೆಚ್ಚು ಕೆಟ್ಟದ್ದು. ಮೈನಸ್ ಇದ್ದವರಿಗೆ ಹತ್ತಿರದ್ದಾದರೂ ಕಾಣುತ್ತದೆ, ಪ್ಲಸ್ ಉಳಿದವರಿಗೆ ದೂರದ್ದೂ ಮಂಜು, ಹತ್ತಿರದ್ದು ಇನ್ನೂ ಮಂಜು. ಒತ್ತುವ ಭಯವೇ ಬೇಡವೆಂದರೆ ರೋಗಿಯನ್ನು ಮಲಗಿಸಿ, ಕಣ್ಣಿನ ಮೇಲೆ ಪುಟ್ಟ ಬಟ್ಟಲಿನಂಥ ಶೆಲ್ ಕೂರಿಸಿ, ಸಲೈನ್ ತುಂಬಿಸಿ, ಪ್ರೋಬು ಕಾರ್ನಿಯಾವನ್ನು ಮುಟ್ಟದಂತೆ ಅಳೆಯುವ ಇಮ್ಮರ್ಷನ್ ವಿಧಾನ ಇದೆ. ಗುಳ್ಳೆ ಬರದಂತೆ ತುಂಬಿಸಬೇಕು ಅನ್ನುವುದೊಂದೇ ಕಷ್ಟ. ಒಬ್ಬರಿಗೆ ಐದು ನಿಮಿಷ ಹೆಚ್ಚು ಹಿಡಿಯಬಹುದು. ದಿನಕ್ಕೆ ಅರವತ್ತು ಜನ ಸಾಲಿನಲ್ಲಿದ್ದಾಗ ಆ ಐದು ನಿಮಿಷ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಗೆ ಟೆಕ್ನಿಷಿಯನ್ನರನ್ನು ದೂರಿ ಪ್ರಯೋಜನವಿಲ್ಲ, ಆಸ್ಪತ್ರೆ ನಡೆಸುವವರು ಉತ್ತರ ಕೊಡಬೇಕು.

ಮಷೀನಿಗೆ ಹೇಳದಿದ್ದರೆ

ಕೆಲವು ಕಣ್ಣುಗಳ ಚರಿತ್ರೆ ಗೊತ್ತಿಲ್ಲದೆ ಅಳತೆ ತೆಗೆಯಲು ಹೋಗಲೇಬಾರದು. ರೆಟಿನಾ ಆಪರೇಷನ್ನಿನಲ್ಲಿ ಸಿಲಿಕಾನ್ ಎಣ್ಣೆ ತುಂಬಿದ ಕಣ್ಣಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 980 ಮೀಟರ್ ವೇಗದಲ್ಲಷ್ಟೇ ಹೋಗುತ್ತದೆ. ಮಷೀನು 1532 ಎಂದೇ ಲೆಕ್ಕ ಹಾಕಿ 36 ಮಿ.ಮೀ. ತೋರಿಸಿದರೆ ನಿಜವಾದ ಉದ್ದ ಹೆಚ್ಚುಕಡಿಮೆ 23. ಬೆಂಗಳೂರಿನಂಥ ಊರಿನಲ್ಲಿ ಈಗ ಹೆಚ್ಚು ಸಿಗುವುದು ಇಪ್ಪತ್ತು ವರ್ಷದ ಹಿಂದೆ ಲೇಸಿಕ್ ಮಾಡಿಸಿಕೊಂಡವರು. ಮದುವೆಗೆ ಮುಂಚೆ ಕನ್ನಡಕ ಬಿಡಿಸಿಕೊಂಡದ್ದನ್ನು ಅವರೇ ಮರೆತಿರುತ್ತಾರೆ. "ಕಣ್ಣಿಗೆ ಯಾವತ್ತಾದರೂ ಆಪರೇಷನ್ ಆಗಿದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. "ಕನ್ನಡಕ ತೆಗೆಯೋಕೆ ಲೇಸರ್ ಮಾಡಿಸಿದ್ರಾ?" ಅಂತಲೇ ಕೇಳಬೇಕು. ಅಂಥ ಕಣ್ಣಿನ ಕೆ ರೀಡಿಂಗನ್ನು ಮಾಮೂಲಿ ಸೂತ್ರಕ್ಕೆ ಹಾಕಿದರೆ ಪ್ಲಸ್ ಉಳಿಯುತ್ತದೆ, ಅವರಿಗೆ ಬೇರೆ ಸೂತ್ರಗಳೇ ಇವೆ. ಇನ್ನು ದೊಡ್ಡ ಮೈನಸ್ಸಿನವರ ಕಣ್ಣಿನ ಹಿಂಗೋಡೆ ಒಂದು ಕಡೆ ಜೋಲಿಯಂತೆ ಇಳಿಬಿದ್ದಿರಬಹುದು. ಅಲ್ಲಿ ಎಲ್ಲಕ್ಕಿಂತ ಉದ್ದ ಬಂದ ರೀಡಿಂಗೇ ಸರಿ ಅಂತ ಆರಿಸಿದರೆ ಜೋಲಿಯ ತಳ ಅಳೆದಂತಾಗುತ್ತದೆ, ನೋಡುವ ಬಿಂದು ಬೇರೆ ಕಡೆ ಇರುತ್ತದೆ.

ಎರಡು ಕಣ್ಣಿನ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ, ಕೆ ರೀಡಿಂಗಿನಲ್ಲಿ ಒಂದು ಡಯಾಪ್ಟರಿಗಿಂತ ಹೆಚ್ಚು ವ್ಯತ್ಯಾಸ, ಉದ್ದ 22ಕ್ಕಿಂತ ಕಡಿಮೆ ಅಥವಾ 25ಕ್ಕಿಂತ ಹೆಚ್ಚು, ಇವುಗಳಲ್ಲಿ ಯಾವುದು ಕಂಡರೂ ಮತ್ತೆ ಅಳೆಯಬೇಕು. ಆಪರೇಷನ್ ಒಂದೇ ಕಣ್ಣಿಗಾದರೂ ಎರಡನ್ನೂ ಅಳೆಯುವುದು ಇದಕ್ಕೇ. ಎ ಸಂಖ್ಯೆಯನ್ನು ಮಷೀನಿಗೆ ತುಂಬುವಾಗ ಲೆನ್ಸಿನ ಡಬ್ಬಿ ಕೈಯಲ್ಲಿರಲಿ. ಕಂಪನಿ ಬದಲಾಗಿ 118.0 ಇದ್ದದ್ದು 119 ಆದರೆ ಲೆನ್ಸಿನ ಪವರೂ ಒಂದು ಬದಲಾಗುತ್ತದೆ, ಮಷೀನಿನಲ್ಲಿ ಹಳೆಯದೇ ಕೂತಿರುತ್ತದೆ.

ಕೇಳದೆ ಉಳಿದ ಪ್ರಶ್ನೆ

ಹೂವಿನ ಅಜ್ಜಿಯ ಕಾಗದ ತೆಗೆಸಿ ನೋಡಿದರೆ ಇವುಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಉದ್ದ 25.1, ಕೆ 43.5, ಹಾಕಿದ ಲೆನ್ಸ್ 16.5. ಅಚ್ಚುಕಟ್ಟಾದ ಎಸಿಡಿ. ಗುರಿಯಿಟ್ಟದ್ದು ಸೊನ್ನೆಗೆ, ಅಂದರೆ ದೂರಕ್ಕೆ ಕನ್ನಡಕವೇ ಬೇಡದಂತೆ, ಬಂದದ್ದೂ ಸೊನ್ನೆಯೇ. ಎಡವಿದ್ದು ಆ ಗುರಿಯಲ್ಲಿ. 25.1 ಅನ್ನುವ ಉದ್ದವೇ ಒಂದು ಸುದ್ದಿ ಹೇಳುತ್ತಿತ್ತು. ವಯಸ್ಸಾದ ಮೇಲೆ ಪೊರೆ ಬಲಿಯುತ್ತಾ ಮೈನಸ್ ಬರುವವರಿದ್ದಾರೆ. "ಮುದುಕನಿಗೆ ಕನ್ನಡಕ ಇಲ್ಲದೆ ಪೇಪರ್ ಓದೋಕೆ ಬಂತು" ಅಂತ ಮನೆಯವರು ಖುಷಿಪಡುತ್ತಾರಲ್ಲ, ಅದು. ಅವರ ಕಣ್ಣಿನ ಉದ್ದ ಸಾಮಾನ್ಯವಾಗಿ 23ರ ಆಸುಪಾಸಿನಲ್ಲೇ ಇರುತ್ತದೆ. ಅಜ್ಜಿಯ ಕಣ್ಣು ಉದ್ದವೇ ಇತ್ತು. ಅಂದರೆ ಅವರು ಬಾಲ್ಯದಿಂದಲೂ ಮೈನಸ್ ಕಣ್ಣಿನವರು. ಕನ್ನಡಕವನ್ನೇ ಹಾಕದೆ, ದೂರದ್ದನ್ನು ನೋಡಲೇಬೇಕೆಂಬ ಹಟವಿಲ್ಲದೆ, ಬಾಳೆನಾರು ಮತ್ತು ಮೊಗ್ಗಿನ ಅಳತೆಯ ಲೋಕದಲ್ಲಿ ಐವತ್ತು ವರ್ಷ ಕೈ ಆಡಿಸಿದವರು. ಅವರಿಂದ ಕಿತ್ತುಕೊಂಡದ್ದು ಆ ಲೋಕವನ್ನು. ಓದುವ ಕನ್ನಡಕ ಬರೆದುಕೊಟ್ಟಿದ್ದರು. ಬೆವರಿಗೆ ಜಾರುತ್ತದೆ, ಚಿಲ್ಲರೆ ಕೊಡಲು ತಲೆಯೆತ್ತಿದರೆ ಗಿರಾಕಿಯ ಮುಖ ಮಂಜಾಗುತ್ತದೆ, ಸೆರಗಿನಿಂದ ಒರೆಸುವಷ್ಟರಲ್ಲಿ ನಾರು ಸಡಿಲವಾಗುತ್ತದೆ.

ಇನ್ನೊಂದು ಕಣ್ಣಿನ ಪೊರೆ ತೆಗೆಯುವುದಿತ್ತು. ಅಳತೆಯ ದಿನ ಟೆಕ್ನಿಷಿಯನ್ ಹುಡುಗಿ, "ಅಜ್ಜಿ, ಬರುವಾಗ ಒಂದು ಹಿಡಿ ಹೂವು, ಸ್ವಲ್ಪ ನಾರು ತಗೊಂಡು ಬನ್ನಿ" ಅಂತ ಹೇಳಿ ಕಳಿಸಿದ್ದಳು. ಅಜ್ಜಿ ಸೇವಂತಿಗೆ ತಂದಿದ್ದರು, ಮಲ್ಲಿಗೆಯ ಕಾಲ ಮುಗಿದಿತ್ತು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು ಕಟ್ಟತೊಡಗಿದರು. ಹುಡುಗಿ ದರ್ಜಿಯ ಟೇಪು ಹಿಡಿದು ಕಣ್ಣಿನಿಂದ ಬೆರಳಿನವರೆಗೆ ಅಳೆದಳು. 50 ಸೆಂಟಿಮೀಟರ್. ನೂರನ್ನು ಐವತ್ತರಿಂದ ಭಾಗಿಸಿದರೆ 2, ಅಷ್ಟು ದೂರದ್ದು ಕಾಣಲು ಬೇಕಾದ ಡಯಾಪ್ಟರ್ ಅದೇ. ಆಪರೇಷನ್ ಆದ ಕಣ್ಣಿನ ಮುಂದೆ ಟ್ರಯಲ್ ಫ್ರೇಮಿನಲ್ಲಿ +2ರ ಗಾಜು ಹಾಕಿ, ಇನ್ನೊಂದು ಕಣ್ಣು ಮುಚ್ಚಿ, "ಈಗ ಕಟ್ಟಿ" ಅಂದಳು. ಎರಡನೆಯ ಕಣ್ಣಿಗೆ ಮೈನಸ್ 2 ಉಳಿಸಿದರೆ ಅದಕ್ಕೆ ಏನು ಕಾಣುತ್ತದೆ ಅನ್ನುವುದನ್ನು ಆಪರೇಷನ್ನಿಗೆ ಮುಂಚೆ ತೋರಿಸಲು ಇದೇ ದಾರಿ. ಅಜ್ಜಿ ಮಾತಾಡಲಿಲ್ಲ. ಎರಡು ಹೂವು ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ಒಂದು ಮೊಳದ ಹತ್ತಿರ ಬರುವವರೆಗೂ ತಲೆಯೆತ್ತಲಿಲ್ಲ.

ಕನ್ನಡಕದ ಒಂದು ಡಯಾಪ್ಟರಿಗೆ ಕಣ್ಣೊಳಗಿನ ಲೆನ್ಸಿನಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಬೇಕಾಗುತ್ತದೆ. ಎರಡು ಕಣ್ಣುಗಳ ನಡುವೆ ಎರಡು ಡಯಾಪ್ಟರ್ ಅಂತರ ಎಲ್ಲರಿಗೂ ಒಗ್ಗುವುದಿಲ್ಲ. ಹಾಗಾಗಿ ಫ್ರೇಮನ್ನು ಹಾಗೇ ಹಾಕಿಸಿ, ಮುಚ್ಚಿದ ಕಣ್ಣು ಬಿಡಿಸಿ ವರಾಂಡದಲ್ಲಿ ನಡೆದಾಡಿಸಿದಳು, ಮೆಟ್ಟಿಲು ಹತ್ತಿಸಿ ಇಳಿಸಿದಳು, ದೂರದ ನೋಟದಲ್ಲಿ ಏನು ಕಡಿಮೆಯಾಗುತ್ತದೆಂದು ಬಿಡಿಸಿ ಹೇಳಿದಳು. ಆಮೇಲೆ ಎಂದಿನಂತೆ ಕೆ, ಹನಿ, ಎ-ಸ್ಕ್ಯಾನ್. ಉದ್ದ 25.0, ಎಸಿಡಿ ಮೊದಲ ಕಣ್ಣಿನಷ್ಟೇ. ಗುರಿಯ ಜಾಗದಲ್ಲಿ ಮೈನಸ್ 2 ಎಂದು ಬರೆದು, ಪಕ್ಕದಲ್ಲಿ 'ಹೂ ಕಟ್ಟುತ್ತಾರೆ, 50 ಸೆಂ.ಮೀ.' ಎಂದು ಸೇರಿಸಿ ಡಾಕ್ಟರ ಮೇಜಿಗೆ ಕಳಿಸಿದಳು. ಡಾಕ್ಟರು ಅದನ್ನು ಓದಿ 19.5ರ ಲೆನ್ಸಿಗೆ ಸಹಿ ಹಾಕಿದರು.